ಯಾರೂ ಕಚ್ಚದ ಮೂಳೆ

ಲೈಪ್‌ಜಿಗ್‌ನ ನಮ್ಮ ಪ್ರಕಾಶನದಲ್ಲಿ ಸಂಪಾದಕರಾಗಿದ್ದ ಎಗೋನ್ ಟ್ರೆಪ್ಟೆ ಎರಡು ಸಣ್ಣ ಕಾದಂಬರಿಗಳನ್ನೂ ಬರೆದಿದ್ದರು. ಓದಿದವರು ಕಡಿಮೆ. ಆದರೂ ಟ್ರಾಮಿನಲ್ಲಿ ಯಾರಾದರೂ ಎರಡು ಸಲ ನೋಡಿದರೆ ಅಭಿಮಾನಿಯೇ ಇರಬೇಕೆಂದು ಟೋಪಿ ಎತ್ತುತ್ತಿದ್ದರು. ಮೂರನೆಯದನ್ನು ಬರೆದ ಮೇಲೆ, ಎರಡು ಸಲ ನೋಡಿದವರೆಲ್ಲ ಗೂಢಚಾರರಾಗಿ ಕಂಡರು.

ಬರ್ಲಿನ್ನಿನಲ್ಲಿ ಗೋಡೆ ಎದ್ದ ಹೊಸತು. ಅಲ್ಲಿಯ ಸರ್ಕಾರಿ ಕಚೇರಿಯ ಅಪ್ಪಣೆಯಿಲ್ಲದೆ ಯಾವ ಪುಸ್ತಕವೂ ಅಚ್ಚಾಗುತ್ತಿರಲಿಲ್ಲ. ಓದುವ ಅಧಿಕಾರಿಗೋ, ಏನನ್ನಾದರೂ ಕತ್ತರಿಸದಿದ್ದರೆ ಅನ್ನ ಸೇರದು. ಅದಕ್ಕೇ ನಾವು ಪ್ರತಿ ಪುಸ್ತಕದಲ್ಲೂ ಒಂದು 'ಮೂಳೆ' ಇಡುತ್ತಿದ್ದೆವು: ಕಣ್ಣಿಗೆ ರಾಚುವ ಒಂದು ಉದ್ಧಟ ಸಾಲು. ಅದನ್ನು ಕಚ್ಚಿಕೊಂಡು ಹೋಗಲಿ, ಮಿಕ್ಕದ್ದು ಉಳಿಯಲಿ ಎಂದು.

ಟ್ರೆಪ್ಟೆ ತಮ್ಮ ಮೂರನೆಯ ಕಾದಂಬರಿಯ ರೈಲ್ವೆ ಕೂಲಿಯ ಬಾಯಲ್ಲಿ ಹೀಗೆ ಹೇಳಿಸಿದ್ದರು: "ನಮ್ಮ ಸರ್ಕಾರ ಈ ರೈಲಿನ ಹಾಗೇ. ಎಲ್ಲಿಗೆ ಹೋಗುತ್ತೆ ಅಂತ ಓಡಿಸೋನಿಗೂ ಗೊತ್ತಿಲ್ಲ, ಇಳೀತೀನಿ ಅಂದ್ರೆ ಬಾಗಿಲೂ ತೆಗೆಯಲ್ಲ."

"ಜಾಸ್ತಿ ಆಗಲಿಲ್ವಾ?" ಅಂದೆ.

"ದೊಡ್ಡ ಪುಸ್ತಕಕ್ಕೆ ದೊಡ್ಡ ಮೂಳೆ ಬೇಕು ಕಣ್ರೀ. ನಿಮಗದು ಗೊತ್ತಾಗಲ್ಲ."

ಅಪ್ಪಣೆ ಬಂತು. ಒಂದು ಅಕ್ಷರಕ್ಕೂ ಕತ್ತರಿ ಬಿದ್ದಿರಲಿಲ್ಲ.

ಟ್ರೆಪ್ಟೆಯವರ ಮುಖ ಸುಣ್ಣವಾಯಿತು. ಅಧಿಕಾರಿ ಓದಲೇ ಇಲ್ಲವೇ? ಅಥವಾ ಅಚ್ಚಾಗಲಿ, ಆಮೇಲೆ ಹಿಡಿಯೋಣವೆಂದು ಬಿಟ್ಟರೇ? ಮೇಲಿನ ಮಹಡಿಯ ಸಂಪಾದಕನೊಬ್ಬನನ್ನು ಇದಕ್ಕಿಂತ ಸಣ್ಣ ಮಾತಿಗೆ ಪೊಲೀಸರು ಹಿಡಿದು ಒಯ್ದಿದ್ದರು. ಅವನ ಕೋಟು ಇನ್ನೂ ಗೂಟದಲ್ಲೇ ನೇತಾಡುತ್ತಿತ್ತು.

"ನೀನೇ ತೆಗೆದ್ಬಿಡು, ಪೀಡೆ ಕಳೀತು," ಎಂದಳಂತೆ ಹೆಂಡತಿ ರೊಸ್ವಿತಾ, ಆಲೂಗಡ್ಡೆ ಸುಲಿಯುತ್ತ.

"ಅಪ್ಪಣೆಯಾದ ಪ್ರತೀನ ಮುಟ್ಟೋ ಹಾಗಿಲ್ಲ. ಮತ್ತೆ ಕೇಳಬೇಕು."

"ಕೇಳು ಮತ್ತೆ."

"ಏನಂತ? ಸ್ವಾಮಿ, ನನ್ನ ತಪ್ಪು ನಿಮಗೆ ಕಾಣಲಿಲ್ಲ, ದಯವಿಟ್ಟು ಇನ್ನೊಂದ್ಸಲ ನೋಡಿ ಅಂತಲಾ?"

ಕೊನೆಗೆ ಶೈಲಿ ಸರಿಯಿಲ್ಲವೆಂಬ ನೆಪ ಹೂಡಿ ಆ ಸಾಲು ತೆಗೆಯಲು ಅನುಮತಿ ಕೋರಿದರು. ಬರ್ಲಿನ್ನಿನ ಫೋನ್ ಬಂದಾಗ ನಾನು ಎದುರಿಗೇ ಇದ್ದೆ. ನಯವಾದ ದನಿ, ಮೇಜಿನಾಚೆಗೂ ಕೇಳುತ್ತಿತ್ತು.

"ಟ್ರೆಪ್ಟೆಯವರೇ, ಇಡೀ ಪುಸ್ತಕದಲ್ಲಿ ನಮಗೆ ಹಿಡಿಸಿದ್ದೇ ಆ ಸಾಲು. ತೆಗೆಯುವಂಥದ್ದು ನಿಮಗೇನು ಕಾಣಿಸ್ತು ಅದರಲ್ಲಿ?"

"ಏ... ಏನೂ ಇಲ್ಲ."

"ಹಾಗಾದ್ರೆ ಇರಲಿ ಬಿಡಿ. ಆದ್ರೆ ಏನೂ ಇಲ್ಲದ್ದಕ್ಕೆ ಇಷ್ಟು ಹೆದರೋದು ಯಾಕೆ ಅಂತ ಒಮ್ಮೆ ಕೂತು ಮಾತಾಡೋಣ. ನಾವೇ ಮನೆಗೆ ಬರ್ತೇವೆ."

ಪುಸ್ತಕ ಹೊರಬಂತು. ಊರೆಲ್ಲ ಆ ಪುಟವೊಂದನ್ನೇ ಓದಿ, ಕಿಟಕಿ ಮುಚ್ಚಿಕೊಂಡು ನಕ್ಕಿತು. ಬಯಸಿದ ಕೀರ್ತಿ ಬಾಗಿಲಿಗೆ ಬಂದಾಗ ಟ್ರೆಪ್ಟೆ ಪರದೆ ಎಳೆದುಕೊಂಡು ಕೂತಿದ್ದರು. ಮತ್ತೆ ಏನನ್ನೂ ಬರೆಯಲಿಲ್ಲ. ಬರ್ತೇವೆ ಎಂದವರು ಬರಲೇ ಇಲ್ಲ. ಬರುವುದಿಲ್ಲ ಎಂದೂ ಹೇಳಲಿಲ್ಲ. ಸಾಯುವ ತನಕ ಟ್ರೆಪ್ಟೆ ಮನೆಯಲ್ಲೂ ಬೂಟು ಬಿಚ್ಚದೆ ಊಟಕ್ಕೆ ಕೂರುತ್ತಿದ್ದರು.

"ಬಿಚ್ಚೋ ಅದನ್ನ, ನೆಲವೆಲ್ಲ ಕೊಳೆ," ಎಂದು ರೊಸ್ವಿತಾ ಗದರಿದರೆ, ಬಾಗಿಲ ಕಡೆಯಿಂದ ಕಣ್ಣು ತೆಗೆಯದೆ ಹೇಳುತ್ತಿದ್ದರಂತೆ: "ಬರೀ ಕಾಲುಚೀಲದಲ್ಲಿ ಕರ್ಕೊಂಡು ಹೋಗೋಕೆ ನಾನೇನು ಸಾಮಾನ್ಯ ಲೇಖಕನಾ?"