ಹಾಲವ್ವನ ಸಿಟ್ಟು
ಹರಿಹರದ ಹಾಲವ್ವನಷ್ಟು ಅಕ್ಕರೆಯಿಂದ ಸಿಟ್ಟು ಸಾಕಿದವರು ತುಂಗಭದ್ರೆಯ ಎರಡೂ ದಂಡೆಯಲ್ಲಿ ಇರಲಿಲ್ಲ. ಉಳಿದವರು ಉಪ್ಪಿನಕಾಯಿ ಕೆಡದಂತೆ ನೋಡಿಕೊಂಡರೆ ಇವಳು ಜಗಳ ಕೆಡದಂತೆ ನೋಡಿಕೊಳ್ಳುತ್ತಿದ್ದಳು. ಮಲೆಬೆನ್ನೂರಿನ ನಾದಿನಿ ಕೊಟ್ರವ್ವ ಯಾವುದೋ ಮದುವೆಯಲ್ಲಿ ತನ್ನನ್ನು ದಾಟಿ ಪಕ್ಕದವಳಿಗೆ ಕುಂಕುಮ ಹಚ್ಚಿದಳೆಂದು, ಮಗ ಗಿರೀಶ ಹುಟ್ಟುವ ಮೊದಲೇ ಅವಳೊಂದಿಗೆ ಮಾತು ಬಿಟ್ಟಿದ್ದಳು. ಸೊಸೆ ಬಿಂದು ಬಂದ ಹೊಸತರಲ್ಲಿ ಒಮ್ಮೆ ಸಾರಿಗೆ ಉಪ್ಪು ಮರೆತದ್ದೇ ನೆಪವಾಗಿ, ದಿನವೂ ಉಣ್ಣಲು ಕೂತೊಡನೆ, “ಇವತ್ತಾದ್ರೂ ಉಪ್ಪು ಹಾಕೀಯೇನೇ ತಾಯೀ?” ಎನ್ನುತ್ತಿದ್ದಳು. ಅಂಥವಳು ಮೊನ್ನೆ, ಲಗ್ನಪತ್ರಿಕೆ ಕೊಡಲು ಬಂದ ಕೊಟ್ರವ್ವನ ಕೈ ಹಿಡಿದು, “ಬಾರವ್ವ, ಕೂಡು. ಯಾಕ ಇಷ್ಟು ದಿನ ಈ ಕಡೆ ಬರ್ಲಿಲ್ಲ?” ಎಂದುಬಿಟ್ಟಳು. “ಅವ್ವನ ಮನಸ್ಸು ದೊಡ್ಡದಾತು” ಎಂದು ಗಿರೀಶ ದಾವಣಗೆರೆಯಿಂದ ಬರುವಾಗ ಜಿಲೇಬಿ ಕಟ್ಟಿಸಿಕೊಂಡು ಬಂದ. ಬಿಂದುವಿಗೆ ಅದು ಕ್ಷಮೆ ಎನಿಸಲಿಲ್ಲ; ಅತ್ತೆಗೆ ಜಗಳವೇ ನೆನಪಿಲ್ಲವೇನೋ ಎನಿಸಿತು. ಮರುದಿನ ಅವಳು ಬೇಕೆಂದೇ ಸಾರಿಗೆ ಉಪ್ಪು ಹಾಕದೆ ಬಡಿಸಿ, ಬೈಗುಳಕ್ಕಾಗಿ ಕಾದು ನಿಂತಳು. ಹಾಲವ್ವ ಉಪ್ಪಿನ ಮಾತೇ ಎತ್ತದೆ ತಟ್ಟೆ ಬಳಿದು ಉಂಡು, “ಸಾರು ಭಾಳ ರುಚಿ ಆಗೈತೆ ನೋಡವ್ವ” ಎಂದಳು. ಈ ಮನೆ ಹೊಸ್ತಿಲು ತುಳಿದಂದಿನಿಂದ ಬಿಂದು ಕಾದಿದ್ದ ಮಾತು ಕೊನೆಗೂ ಸಿಕ್ಕಿತು, ಉಪ್ಪಿಲ್ಲದ ಸಾರಿಗೆ.