ಹೆಚ್ಚಾದ ಐದು ಓಟು

ಕಾವೇರಮ್ಮ ಟೀಚರಿಗೆ ಹೆದರಿಕೆ ಹುಟ್ಟುಗುಣ. ಹಲ್ಲಿಗೆ ಹೆದರುವರು, ಹೆಡ್‌ಮಾಸ್ಟರಿಗೆ ಹೆದರುವರು, ಸರ್ಕಾರಿ ಲಕೋಟೆ ಕಂಡರಂತೂ ಕೈಕಾಲು ತಣ್ಣಗಾಗುತ್ತಿದ್ದವು. ಅಂಥವರನ್ನೇ ಹುಡುಕಿ 2004ರ ಚುನಾವಣೆಗೆ ಚಾಮರಾಜಪೇಟೆಯ ಒಂದು ಮತಗಟ್ಟೆಯ ಮುಖ್ಯ ಅಧಿಕಾರಿ ಮಾಡಿದರು. ಎನ್.ಆರ್. ಕಾಲೋನಿಯ ಮನೆ ಬಿಡುವಾಗ ದೇವರಿಗೆ ಎರಡು ಸಲ ದೀಪ ಹಚ್ಚಿದ್ದರು.

ಬೆಳಗ್ಗೆ ಪಕ್ಷಗಳ ಏಜೆಂಟರೆದುರು ಮತಯಂತ್ರದಲ್ಲಿ ಐದು ಓಟು ಒತ್ತಿ ಪರೀಕ್ಷೆ ತೋರಿಸಬೇಕು, ಆಮೇಲೆ ಅವನ್ನು ಅಳಿಸಿ ಸೀಲು ಹಾಕಬೇಕು. ಹೊರಗೆ ಆಗಲೇ ಕ್ಯೂ ಬೆಳೆದಿತ್ತು. ಗಡಿಬಿಡಿಯಲ್ಲಿ ಸೀಲು ಬಿತ್ತು, ಅಳಿಸುವುದು ಮರೆತೇಹೋಯಿತು. ಹನ್ನೊಂದು ಗಂಟೆಗೆ ನೋಡಿದರೆ ಯಂತ್ರದಲ್ಲಿ ನೂರ ಹನ್ನೆರಡು ಓಟು, ರಿಜಿಸ್ಟರಿನಲ್ಲಿ ನೂರ ಏಳೇ ಸಹಿ. ಇಪ್ಪತ್ತಾರು ವರ್ಷದ ನೌಕರಿ ಇವತ್ತಿಗೆ ಮುಗಿಯಿತು ಎಂದುಕೊಂಡರು.

ಏಜೆಂಟ್ ಮುನಿರಾಮಪ್ಪ ಹಳೇ ಹುಲಿ, ಟೀಚರ ಮುಖ ನೋಡಿಯೇ ವಿಷಯ ಹಿಡಿದರು. ಕೆಟ್ಟವರಲ್ಲ ಪಾಪ, ಕಷ್ಟವಾದದ್ದೇ ಅದು. ಪಟ್ಟಿಯ ಮೇಲೆ ಬೆರಳಿಟ್ಟು ಮೆಲ್ಲಗೆ ಹೇಳಿದರು: "ಇವರೈದು ಜನ ಹೇಗೂ ಬರಲ್ಲ ಮಿಸ್. ಈ ನಂಜುಂಡಯ್ಯನೋರು ಆರು ತಿಂಗಳಿಂದ ಹಾಸಿಗೆ ಹಿಡಿದಿದಾರೆ. ಇವರ ಹೆಸರಲ್ಲಿ ರಿಜಿಸ್ಟರಿಗೆ ಐದು ಹೆಬ್ಬೆಟ್ಟು ಒತ್ತಿಬಿಡಿ, ಲೆಕ್ಕ ಸರಿಹೋಗತ್ತೆ." ಬೆಳಗಿನಿಂದ ಕಚ್ಚಾಡುತ್ತಿದ್ದ ಉಳಿದ ಏಜೆಂಟರೂ ಇದೊಂದಕ್ಕೆ ತಲೆಯಾಡಿಸಿದರು.

ಕಾವೇರಮ್ಮ ಇಂಕಿನ ಪ್ಯಾಡು ಹತ್ತಿರ ಎಳೆದುಕೊಂಡರು. ಹೆಬ್ಬೆಟ್ಟು ಮುಂದೆ ಹೋಗಲಿಲ್ಲ. ಸುಳ್ಳು ಹೆಬ್ಬೆಟ್ಟಿಗೂ ಧೈರ್ಯ ಬೇಕು, ಅದು ಅವರ ಹತ್ತಿರ ಎಲ್ಲಿತ್ತು? ಹೆದರುತ್ತಲೇ ತಪ್ಪನ್ನು ಇದ್ದಂತೆ ಬರೆದು, ಮೇಲಧಿಕಾರಿಗೆ ಹೇಳಿ ಕಳಿಸಿದರು. ಅಧಿಕಾರಿ ಬಂದು ಎಲ್ಲರೆದುರು ಬೈದು, ಆ ಐದು ಓಟಿನ ಗತಿ ಮೇಲಿನವರು ನೋಡುತ್ತಾರೆ, ನಿಮ್ಮ ಗತಿಯನ್ನೂ ಅವರೇ ನೋಡುತ್ತಾರೆ ಎಂದು ಹೇಳಿ ಹೋದರು. ಮತದಾನ ನಡೆಯಿತು. ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು.

ನಾಲ್ಕು ಗಂಟೆಗೆ ಇಬ್ಬರು ಗಂಡಸರು ಮರದ ಕುರ್ಚಿಯಲ್ಲಿ ಮುದುಕರೊಬ್ಬರನ್ನು ಹೊತ್ತು ತಂದರು. ಗುಮಾಸ್ತೆ ಚೀಟಿ ನೋಡಿ ಹೆಸರು ಕೂಗಿದ: ನಂಜುಂಡಯ್ಯ. ಮುನಿರಾಮಪ್ಪ ಕಿಟಕಿಯ ಕಡೆ ತಿರುಗಿಕೊಂಡರು. ಆ ಹೆಬ್ಬೆಟ್ಟು ಒತ್ತಿದ್ದರೆ ಈ ಮುಖಕ್ಕೆ ಈಗ ಏನು ಹೇಳುತ್ತಿದ್ದೆ ಎಂದು ಕಾವೇರಮ್ಮನಿಗೆ ಬೆನ್ನೆಲ್ಲ ಬೆವೆತಿತು. ನೌಕರಿಯ ಭಯ ಇದರ ಮುಂದೆ ಏನೂ ಅಲ್ಲ.

ಮುದುಕರು ಏದುಸಿರು ಬಿಡುತ್ತ ಕೇಳಿದರು: "ನನ್ನ ಓಟು ಇದೆ ತಾನೇ ಅಮ್ಮಾ?"

"ಇದೆ. ಹಾಗೇ ಇದೆ," ಎಂದು ತಾವೇ ಎದ್ದು ಅವರ ಬೆರಳಿಗೆ ಶಾಯಿ ಹಚ್ಚಿದರು. ಶಾಯಿ ಗೆಣ್ಣಿನವರೆಗೂ ಹರಿಯಿತು.

ವಾರದ ಮೇಲೆ ನೋಟಿಸಿನ ಲಕೋಟೆ ಬಂತು. ಕೈಕಾಲು ಎಂದಿನಂತೆ ತಣ್ಣಗಾದವು. ಆದರೂ ಯಾರನ್ನೂ ಕರೆಯದೆ ತಾವೇ ಒಡೆದರು.