ಕೆಂಪು ವೈರಿನ ಐದು ತುಂಡು

ಮಾನ್ವಿಗೆ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ರಾಯಚೂರಿನಿಂದ ಮೊದಲ ಬಸ್ಸಿಗೆ ಬಂದಿಳಿದ ಯಲ್ಲಾಲಿಂಗ ಒಂದು ಮನೆಯ ಹೊರಗಟ್ಟೆಯ ಮೇಲೆ ಕರವಸ್ತ್ರ ಹಾಸಿಕೊಂಡು ಕುಳಿತಿದ್ದಾರೆ. ಅದರ ಮೇಲೆ ಗೇಣುದ್ದದ ಐದು ಕೆಂಪು ವೈರಿನ ತುಂಡುಗಳು. ಪ್ರತಿ ತುಂಡಿನ ಎರಡೂ ತುದಿಗೆ ಹಲ್ಲಿರುವ ಸಣ್ಣ ಕ್ಲಿಪ್ಪು. ಒಂದೊಂದನ್ನೂ ವೈರು ಪರೀಕ್ಷಿಸುವ ಮೀಟರಿಗೆ ಹಚ್ಚಿ, ಅದು ಕುಂಯ್ ಎನ್ನುವುದನ್ನು ಕಣ್ಣು ಮುಚ್ಚಿ ಕೇಳಿ, ಪಕ್ಕಕ್ಕೆ ಸರಿಸುತ್ತಾರೆ. ಬಾಗಿಲು ಬಡಿಯುವುದಿಲ್ಲ.

"ಅವ್ರು ಎದ್ದು ಬಾಗಲಿಗೆ ನೀರು ಹಾಕೋತನಾ ಕೂಡಬೇಕ್ರಿ," ಎನ್ನುತ್ತಾರೆ ಮೆಲ್ಲಗೆ. "ಒಂಬತ್ತು ವರ್ಷ ಆದ ಮ್ಯಾಲೆ ಕರದಾರ. ಗಡಬಡಿ ಮಾಡಿ ಕೆಡಿಸ್ಕೊಳ್ಳಾಕ ಆಗಂಗಿಲ್ಲ."

ನಲವತ್ತೇಳು ವರ್ಷದ ಯಲ್ಲಾಲಿಂಗ ಅವರ ಕೆಲಸಕ್ಕೆ ಸರಿಯಾದ ಹೆಸರಿಲ್ಲ. ಕಳ್ಳರನ್ನು ಹೆದರಿಸಲು ಮನೆಗಳಿಗೆ ಅಲಾರಾಂ ಕೂಡಿಸಿದ ಕಾಲ ಒಂದಿತ್ತು. ಈಗ ಎಲ್ಲರೂ ಕ್ಯಾಮೆರಾ ಕೇಳುತ್ತಾರೆ. ಆದರೆ ಹಳೆಯ ಅಲಾರಾಂಗಳು ಗೋಡೆಯೊಳಗೆ ಇನ್ನೂ ಜೀವಂತವಾಗಿವೆ. ಮನೆಯವರು ಎ.ಸಿ. ಹಾಕಿಸಿದಾಗ, ಅಡುಗೆಮನೆ ಒಡೆಸಿದಾಗ, ಇನ್ವರ್ಟರ್ ಬದಲಿಸಿದಾಗ ಹೊಸ ವೈರು ಹಳೆಯ ವೈರಿಗೆ ಎದುರಾಗುತ್ತದೆ. ಉಳಿದ ವೈರ್‌ಮನ್‌ಗಳು ಕೈ ತೊಳೆದುಕೊಂಡು ಹೋಗುವ ಜಾಗ ಅದು. ಅಲ್ಲಿಂದ ಯಲ್ಲಾಲಿಂಗ ಅವರ ಕೆಲಸ ಶುರು.

ಅಲಾರಾಂನ ತತ್ವ ಸರಳ. ಬಾಗಿಲ ಚೌಕಟ್ಟಿನಲ್ಲಿ ಒಂದು ಪುಟ್ಟ ಸ್ವಿಚ್ಚು, ಕದದಲ್ಲಿ ಒಂದು ಆಯಸ್ಕಾಂತ. ಕದ ಮುಚ್ಚಿರುವವರೆಗೆ ತೆಳ್ಳನೆಯ ವೈರಿನಲ್ಲಿ ಅತ್ಯಲ್ಪ ವಿದ್ಯುತ್ತು ಸುತ್ತುತ್ತಲೇ ಇರುತ್ತದೆ. ಕದ ತೆರೆದರೆ ಅಥವಾ ವೈರು ಕಡಿದರೆ ಸುತ್ತು ನಿಲ್ಲುತ್ತದೆ, ಸೈರನ್ ಕೂಗುತ್ತದೆ. ಕೆಲಸ ಎರಡು ಮೂರು ದಿನ ನಡೆಯುವಾಗ ಉಳಿದ ಬಾಗಿಲುಗಳಿಗಾದರೂ ಕಾವಲು ಬೇಕಲ್ಲ, ಅದಕ್ಕೆ ಕೆಲಸದ ಜಾಗದ ಸ್ವಿಚ್ಚಿಗೆ ಅಡ್ಡಲಾಗಿ ಈ ಕೆಂಪು ವೈರಿನ ಒಂದು ತುಂಡು ಹಚ್ಚಿ ಸುತ್ತನ್ನು ಹಾಗೇ ಉಳಿಸುತ್ತಾರೆ. ಕೆಲಸ ಮುಗಿದಾಗ ಅದನ್ನು ತೆಗೆಯಬೇಕು. ಮರೆತರೆ, ಆ ಕದವನ್ನು ಯಾರೇ ತೆರೆದರೂ ಪ್ಯಾನಲ್ಲಿನ ದೀಪ ಹಸಿರಾಗಿಯೇ ಇರುತ್ತದೆ.

ಯಲ್ಲಾಲಿಂಗ ಗಬ್ಬೂರಿನವರು. ತಾಯಿ ಹುಲಗೆಮ್ಮ ಹತ್ತಿ ಬಿಡಿಸುವ ಕೂಲಿಗೆ ಹೋಗಿ ಮಗನನ್ನು ರಾಯಚೂರಿನ ಐ.ಟಿ.ಐ.ಗೆ ಸೇರಿಸಿದರು. ಆಗ ಹೈದರಾಬಾದಿನ ಒಂದು ಕಂಪನಿ ಈ ಭಾಗದಲ್ಲಿ ಅಲಾರಾಂ ಮಾರುತ್ತಿತ್ತು. ನಾಲ್ಕು ವರ್ಷದಲ್ಲಿ ರಾಯಚೂರು, ದೇವದುರ್ಗ, ಮಾನ್ವಿ ಸೇರಿ ನೂರಾ ಹನ್ನೆರಡು ಮನೆ. ಅಷ್ಟೂ ಮನೆಗಳಲ್ಲಿ ಗೋಡೆ ಕೊರೆದು ವೈರು ಎಳೆದವರು ಇವರೇ. ಕಂಪನಿ ಒಂದು ದಿನ ಬೋರ್ಡು ಇಳಿಸಿ ಹೊರಟುಹೋಯಿತು. ನಕ್ಷೆಗಳೂ ಅದರ ಜೊತೆ ಹೋದವು.

"ನಕ್ಷಾ ನನ್ನ ತಲ್ಯಾಗ ಅವ. ಯಾವ ಗೋಡ್ಯಾಗ ಎಲ್ಲಿ ತಿರುಗಿಸೀನಿ ಅಂತ ಕಣ್ಣಿಗೆ ಕಟ್ಟತದ," ಎನ್ನುತ್ತಾರೆ. ಆ ನೂರಾ ಹನ್ನೆರಡು ಅಲಾರಾಂಗಳಲ್ಲಿ ಈಗ ಕೆಲಸ ಮಾಡುತ್ತಿರುವುದು ಅರವತ್ನಾಲ್ಕು. ಎ.ಸಿ.ಯ ಲೈನು ಅಲಾರಾಂ ವೈರಿನಿಂದ ಒಂದು ಗೇಣಾದರೂ ದೂರ ಹೋಗಬೇಕು, ಒಂದನ್ನೊಂದು ದಾಟಲೇಬೇಕಾದರೆ ನೇರ ಅಡ್ಡ ದಾಟಬೇಕು ಎಂಬುದು ಅವರ ನೇಮ. "ಜೋಡಿಲೆ ಹೊಂಟ್ವು ಅಂದ್ರ ದೊಡ್ಡದರ ಗದ್ಲ ಸಣ್ಣದಕ್ಕ ಹತ್ತತದ್ರಿ. ಎ.ಸಿ. ಚಾಲೂ ಆದಾಗೊಮ್ಮೆ ಕಳ್ಳ ಬಂದಂಗ."

ಈ ಕೆಲಸದಲ್ಲಿ ಜೊತೆಗಾರರಿಲ್ಲ. ಕರೆಸುವ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೀಗ ಹಾಕಿದವು. ಕೀಲಿಕೈ ಪಕ್ಕದ ಮನೆಯಲ್ಲಿರುತ್ತದೆ. ದೇವದುರ್ಗದಲ್ಲಿ ವರ್ಗವಾಗಿ ಹೋದ ಡಾಕ್ಟರ್ ದಂಪತಿಯ ಮನೆಗೆ ಹೋದ ತಿಂಗಳು ಮೂರು ದಿನ ಹೋಗಿದ್ದರು. ಪಕ್ಕದವರು ಕಿಟಕಿಯ ಸರಳಿನ ನಡುವೆ ಕೀಲಿಕೈ ಚಾಚಿ ಕಿಟಕಿ ಹಾಕಿಕೊಂಡರು. ಮೂರು ದಿನವೂ ಅಷ್ಟೇ. ಮುಸುಕು ಹೊದಿಸಿದ ಸೋಫಾ, ನಿಂತ ಗಡಿಯಾರ, ಗೋಡೆಯ ಮೇಲೆ ಪರಿಚಯವಿಲ್ಲದ ಮಕ್ಕಳ ಫೋಟೋ. ಮಧ್ಯಾಹ್ನ ಬುತ್ತಿ ಬಿಚ್ಚಲು ಯಲ್ಲಾಲಿಂಗ ಅಂಗಳಕ್ಕೆ ಬರುತ್ತಾರೆ. "ಮಂದಿ ಇಲ್ಲದ ಮನ್ಯಾಗ ಕುಂತು ಉಣ್ಣಬಾರದ್ರಿ. ಯಾರ್ದೋ ಮನಿ."

ಅವರ ಹೆಂಡತಿ ಉಮಾದೇವಿ ದೇವದುರ್ಗದಲ್ಲೇ ಹುಡುಗಿಯರ ಹಾಸ್ಟೆಲ್ಲಿನಲ್ಲಿ ಅಡುಗೆಯವರು, ವಾರವಿಡೀ ಅಲ್ಲೇ ವಾಸ. ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ದೇವದುರ್ಗದ ಕೆಲಸವಿದ್ದ ಸಂಜೆ ಯಲ್ಲಾಲಿಂಗ ಗೇಟಿನ ತನಕ ಹೋಗುತ್ತಾರೆ. "ಆಕಿ ಆ ಕಡಿ, ನಾ ಈ ಕಡಿ. 'ಉಂಡ್ಯಾ' ಅಂತಾಳ. 'ಉಂಡೆ' ಅಂತೀನಿ. ಆಮ್ಯಾಲೆ ಬಸ್ಸು."

ರಾಯಚೂರಿನ ತೀನ್ ಕಂದೀಲ್ ಹತ್ತಿರ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿರುವ ಸತ್ತಾರ್ ಸಾಬ್ ಇವರಿಗೆ ಕೆಲಸ ಹುಡುಕಿ ಕಳಿಸುವವರು. "ಇವ ಫೋನ್ ಮಾಡಿದ್ರ ಮೊದ್ಲು ಬರೇ ಉಸುರು ಕೇಳ್ತದ ನೋಡ್ರಿ," ಎಂದು ನಗುತ್ತಾರೆ. "ಮೀಟರ್ ಸಂಗಾಟ ಮಾತಾಡಿ ಮಾತಾಡಿ ಮನಶ್ಯಾರ ಸಂಗಾಟ ಹೆಂಗ ಮಾತಾಡಬೇಕು ಅನ್ನೋದ ಮರ್ತಾನ. ಲೇಕಿನ್ ಕೀಲಿಕೈ ಕೊಟ್ಟು ನಿದ್ದಿ ಮಾಡಬೇಕಂದ್ರ ಇವನೊಬ್ಬನ."

ಯಲ್ಲಾಲಿಂಗ ಅವರ ಚೀಲದಲ್ಲೊಂದು ನೋಟ್‌ಬುಕ್ಕಿದೆ. ಮನೆಗೊಂದು ಪುಟ. ಪ್ರತಿ ಪುಟದ ಕೊನೆಯಲ್ಲಿ ಎರಡು ಕಾಲಂ. ಮೊದಲನೆಯದು 'ತುಂಡು': ಐದೂ ಎಣಿಸಿ ಚೀಲ ಸೇರಿದ ಮೇಲೆಯೇ ಅಲ್ಲಿ ಐದು ಎಂದು ಬರೆಯುತ್ತಾರೆ. ಎರಡನೆಯದು 'ಬಂದವರು'. ಕೆಲಸ ಮುಗಿದಾಗ ಪ್ರತಿ ಬಾಗಿಲನ್ನೂ ತೆರೆದು ಸೈರನ್ ಕೂಗಿಸುತ್ತಾರೆ. ಅದು ಓಣಿ ತುಂಬ ಕೇಳುವ ಸದ್ದು. ಏನಾಯಿತೆಂದು ನೋಡಲು ಎಷ್ಟು ಜನ ಬಂದರು ಎಂಬ ಲೆಕ್ಕ ಅದು. ಕಳೆದ ವರ್ಷ ಐವತ್ತೊಂದು ಮನೆಯಲ್ಲಿ ಕೂಗಿಸಿದ್ದಾರೆ. ನಲವತ್ತೆರಡು ಪುಟಗಳಲ್ಲಿ ಸೊನ್ನೆ ಇದೆ.

ಮಾನ್ವಿಯ ಈ ಮನೆ ವೆಂಕೂಬಾಯಿ ಅವರದು. ಎಂಬತ್ತು ದಾಟಿದ್ದಾರೆ. ಮಗ ಕಾಲೇಜು ಉಪನ್ಯಾಸಕ, ಸೊಸೆ ಮಾಧವಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ. ಒಂಬತ್ತು ವರ್ಷದ ಹಿಂದೆ ಇಲ್ಲಿ ಹೊಸ ಲೈನು ಎಳೆಯುವಾಗ ಯಲ್ಲಾಲಿಂಗ ಹಚ್ಚಿಸಿದ ಒಂದು ತುಂಡು ದೇವರಕೋಣೆಯ ಹಿಂಬಾಗಿಲ ಸ್ವಿಚ್ಚಿನಲ್ಲೇ ಉಳಿದುಹೋಯಿತು. ಆಗ ಅವರು ಒಂದು ಹಿಡಿ ತುಂಡು ತರುತ್ತಿದ್ದರು, ಎಣಿಸುತ್ತಿರಲಿಲ್ಲ. ಹೊರಡುವ ಮುನ್ನ ತಲೆಬಾಗಿಲನ್ನಷ್ಟೇ ತೆರೆದು ಸೈರನ್ ಪರೀಕ್ಷಿಸಿದ್ದರು. ಇಪ್ಪತ್ತು ದಿನದ ನಂತರ ಮನೆಯವರು ಮಂತ್ರಾಲಯಕ್ಕೆ ಹೋಗಿದ್ದಾಗ ಕಳ್ಳರು ತುಳಸಿಕಟ್ಟೆಯ ಕಡೆಯಿಂದ ಆ ಹಿಂಬಾಗಿಲು ಮೀಟಿ ಬಂದರು. ಬೆಳ್ಳಿ ಪೂಜಾಪಾತ್ರೆಗಳೂ ವೆಂಕೂಬಾಯಿಯ ತಾಯಿ ಕೊಟ್ಟ ಬಿಲ್ವಾರದ ಬಳೆಗಳೂ ಹೋದವು. ಸೈರನ್ ಕೂಗಲಿಲ್ಲ.

ಸ್ವಿಚ್ಚಿನಲ್ಲಿದ್ದ ತುಂಡನ್ನು ಪೊಲೀಸರು ಕಳ್ಳರದೆಂದು ತಿಳಿದಿದ್ದರು. ಯಲ್ಲಾಲಿಂಗ ತಾವಾಗಿಯೇ ಠಾಣೆಗೆ ಹೋಗಿ ಅದು ನನ್ನದು ಎಂದರು. ಎರಡು ದಿನ ಕೂಡಿಸಿ ಕೇಳಿದರು, ಬಿಟ್ಟರು. ಕಳ್ಳರು ಇವತ್ತಿಗೂ ಸಿಕ್ಕಿಲ್ಲ. ಬಿಡುಗಡೆಯಾದವನಿಗೆ ಯಾರೂ ಕೀಲಿಕೈ ಕೊಡಲಿಲ್ಲ. ಮೂರು ವರ್ಷ ಗಬ್ಬೂರಿನಲ್ಲಿ ಪಂಪಿನ ಮೋಟಾರುಗಳಿಗೆ ತಂತಿ ಸುತ್ತಿದರು. ಸತ್ತಾರ್ ಸಾಬ್ ತಮ್ಮ ಸ್ವಂತ ಮನೆಯ ಕೀಲಿಕೈ ಕೊಟ್ಟ ಮೇಲೆ ಒಬ್ಬೊಬ್ಬರೇ ಮತ್ತೆ ಕರೆದರು. ಈ ಮನೆಯವರು ಮಾತ್ರ ಕರೆಯಲಿಲ್ಲ. ಬೇರೊಬ್ಬ ವೈರ್‌ಮನ್ ಬಂದು ಆ ಬಾಗಿಲಿನ ವೈರನ್ನು ಪ್ಯಾನಲ್ಲಿನಲ್ಲೇ ಗಂಟು ಹಾಕಿ ಹೋದ. ಒಂಬತ್ತು ವರ್ಷದಿಂದ ಆ ಬಾಗಿಲಿಗೆ ಕಾವಲೇ ಇಲ್ಲ.

"ಅರವತ್ಮೂರು ಮನಿ ಬರೋಬರಿ ಅವ್ರಿ. ಇದೊಂದು ಉಳದದ," ಎನ್ನುತ್ತಾರೆ ಯಲ್ಲಾಲಿಂಗ. "ಒಂದ್ಸಲ ನನ್ನ ಕೈಲೆ ಆ ತಿರುಪು ಬಿಗಿ ಮಾಡಬೇಕು. ಅದು ಕೂಗಿದ್ದು ಕಿವಿಲೆ ಕೇಳಬೇಕು."

ಬಾಗಿಲು ತೆರೆಯುತ್ತದೆ. ಮಾಧವಿ ಹೊಸ್ತಿಲಿಗೆ ನೀರು ಹಾಕಿ, "ಯಾವಾಗ ಬಂದ್ರಿ? ಕರೀಬಾರದೇನು? ಬರ್ರಿ ಒಳಗ," ಎನ್ನುತ್ತಾರೆ. ಬಿಸಿಲಿಗೆ ಛಾವಣಿ ಕಾಯುವ ಮೊದಲು ಅಟ್ಟದ ಕೆಲಸ ಮುಗಿಯಬೇಕು. ಯಲ್ಲಾಲಿಂಗ ಏಣಿ ಹತ್ತಿ, ಮಲಗುವ ಕೋಣೆಯ ಎ.ಸಿ. ಲೈನನ್ನು ಹಳೆಯ ವೈರಿನಿಂದ ಬಿಡಿಸಿ ಬೇರೆ ಮೊಳೆಗಳಿಗೆ ಕಟ್ಟುತ್ತಾರೆ. ಒಂದು ತಾಸು ಮೀಟರಿನ ಸದ್ದು ಬಿಟ್ಟರೆ ಹಜಾರದಲ್ಲಿ ವೆಂಕೂಬಾಯಿ ಸ್ತೋತ್ರ ಹೇಳುವ ಸದ್ದು ಮಾತ್ರ.

ಅಡುಗೆಮನೆಯಲ್ಲಿ ಮಾಧವಿ ದನಿ ತಗ್ಗಿಸಿ ಹೇಳುತ್ತಾರೆ: "ಆ ತುಂಡು ಹಚ್ಚಿದ ಕೈ ನಂದು. ದೇವರಕೋಣಿಗೆ ಯಲ್ಲಾಲಿಂಗ ಅವರನ್ನ ಬಿಡಲಿಲ್ಲ. ಯಾವ ಓಣಿಯವರು ಅಂತ ಅತ್ತಿ ಮೊದಲೇ ಕೇಳಿದ್ರು. ಇವರು ಹೊಸ್ತಿಲಾಚೆ ನಿಂತು ಹೇಳಿದ್ರು, ನಾನು ಒಳಗ ಹಚ್ಚಿದೆ. ತೆಗೀಲಿಕ್ಕೆ ಇಬ್ರೂ ಮರ್ತ್ವಿ. ಠಾಣೆದಾಗ ಇವರು ನನ್ನ ಹೆಸರು ಹೇಳಲಿಲ್ಲ. ನಾನೂ ಸುಮ್ಮನಿದ್ದೆ. ಎ.ಸಿ. ಹಾಕಿದ ದಿನದಿಂದ ಸೈರನ್ ಸುಳ್ಳೇ ಕೂಗಲಿಕ್ಕೆ ಹತ್ತಿತು. ಎ.ಸಿ. ಹಾಕಿದ ಹುಡುಗರು ಸರಿಮಾಡಲಿಕ್ಕೆ ಬಂದು ಕೈಬಿಟ್ಟು ಹೋದ ಮೇಲೆ, ಹೋದ ತಿಂಗಳು, ಮನೆಯವರಿಗೆಲ್ಲ ಹೇಳಿದೆ. ಅತ್ತಿ ಆವತ್ತು ಊಟ ಮಾಡಲಿಲ್ಲ. ಮರುದಿನ 'ಅವನ್ನ ಕರೀರಿ' ಅಂದ್ರು. ಇದನ್ನ ನಿಮ್ಮ ಪೇಪರಿನಾಗ ಬರೀರಿ."

ಈ ಬಗ್ಗೆ ಕೇಳಿದರೆ ಯಲ್ಲಾಲಿಂಗ ಏಣಿಯ ಮೇಲಿಂದಲೇ, "ಯಾರು ಹಚ್ಚಿದ್ರೇನ್ರಿ? ತುಂಡು ನಂದು. ಎಣಿಸಿ ಇಸ್ಕೊಳ್ಳೋದು ನನ್ನ ಕೆಲಸ ಇತ್ತು," ಎಂದು ತಿರುಪುಳಿ ತಿರುಗಿಸುತ್ತಾರೆ.

ಪ್ಯಾನಲ್ಲಿನ ಹಳೆಯ ಗಂಟು ಬಿಚ್ಚಿಯಾಯಿತು, ಉಳಿದದ್ದು ಹಿಂಬಾಗಿಲ ಸ್ವಿಚ್ಚು. ಯಲ್ಲಾಲಿಂಗ ಕೈಕಾಲು ತೊಳೆದು ಬಂದು ದೇವರಕೋಣೆಯ ಹೊಸ್ತಿಲ ಹೊರಗೆ ನಿಲ್ಲುತ್ತಾರೆ. ಯಾರೂ ಹೇಳಿಲ್ಲ, ತಾವೇ ನಿಂತಿದ್ದಾರೆ. ಕೆಂಪು ತುಂಡೊಂದನ್ನು ಮಾಧವಿಯ ಕಡೆಗೆ ಚಾಚುತ್ತಾರೆ. "ಅಕ್ಕಾರ, ಮ್ಯಾಲಿನ ತಿರುಪಿಗೊಂದು ಕ್ಲಿಪ್ಪು, ಕೆಳಗಿಂದಕ್ಕೊಂದು."

ಮಾಧವಿ ಕೈ ಚಾಚುವುದಿಲ್ಲ. "ಈ ಸಲ ನಾ ಹಚ್ಚಂಗಿಲ್ಲ. ನೀವೇ ಹೋಗ್ರಿ."

ಹಜಾರದ ಸ್ತೋತ್ರ ನಿಲ್ಲುತ್ತದೆ. ಯಲ್ಲಾಲಿಂಗ ಆ ಕಡೆಗೆ ಕಿವಿಗೊಟ್ಟು ನಿಲ್ಲುತ್ತಾರೆ, ಮೀಟರಿನ ಸದ್ದಿಗೆ ಕಾಯುವ ಹಾಗೆ. ಅಲ್ಲಿಂದ ವೆಂಕೂಬಾಯಿಯ ದನಿ ಕೇಳುತ್ತದೆ. "ನಿಂತೇ ಇರ್ತಾನೇನು? ದೀಪ ಎಡಕ್ಕದ. ನೋಡಿ ಹೋಗು ಅನ್ನು."

ಒಳಗಿನ ಕೆಲಸ ಹತ್ತು ನಿಮಿಷದ್ದು. ಹಳೆಯ ಸ್ವಿಚ್ಚು ಬಿಚ್ಚಿ ಹೊಸದನ್ನು ಕೂಡಿಸಿ, ತಿರುಪು ಬಿಗಿದು, ತುಂಡು ತೆಗೆಯುತ್ತಾರೆ. ಪ್ಯಾನಲ್ಲಿಗೆ ಹೋಗಿ ದೀಪ ನೋಡಿ ಬರುತ್ತಾರೆ. ಪ್ರತಿ ಸಲವೂ ಆ ಹೊಸ್ತಿಲನ್ನು ನಿಧಾನಕ್ಕೆ, ಕೆಳಗೆ ನೋಡಿಕೊಂಡೇ ದಾಟುತ್ತಾರೆ. ಆಮೇಲೆ ಹಿಂಬಾಗಿಲ ಅಗುಳಿ ಸರಿಸಿ ಕದ ಎಳೆಯುತ್ತಾರೆ.

ಸೈರನ್ ಕೂಗುತ್ತದೆ. ತುಳಸಿಕಟ್ಟೆಯ ಮೇಲಿನ ಗುಬ್ಬಿಗಳು ಹಾರುತ್ತವೆ. ಯಲ್ಲಾಲಿಂಗ ಕೂಡಲೇ ನಿಲ್ಲಿಸುವುದಿಲ್ಲ, ಕದ ಹಿಡಿದು ಕೇಳುತ್ತ ನಿಂತಿದ್ದಾರೆ. ತಿರುಗಿದಾಗ ಹೊಸ್ತಿಲ ಹೊರಗೆ ಗೋಡೆ ಹಿಡಿದುಕೊಂಡು ವೆಂಕೂಬಾಯಿ ನಿಂತಿರುತ್ತಾರೆ.

"ಕೇಳಿತು. ಬಂದ್ ಮಾಡು," ಎನ್ನುತ್ತಾರೆ. ಸದ್ದು ನಿಂತ ಮೇಲೆ ಕೇಳುತ್ತಾರೆ, "ಆವತ್ತೂ ಹಿಂಗ ಕೂಗಬೇಕಿತ್ತೇನು?"

"ಹೌದ್ರಿ ಅಮ್ಮಾರ."

"ನಿನ್ನ ಒಳಗ ಬಿಟ್ಟಿದ್ರ ಕೂಗ್ತಿತ್ತು." ಇಷ್ಟು ಹೇಳಿ ಮತ್ತೆ ಗೋಡೆ ಹಿಡಿದುಕೊಂಡು ಹಜಾರಕ್ಕೆ ಹೋಗುತ್ತಾರೆ. ಸ್ತೋತ್ರ ನಿಂತಲ್ಲಿಂದ ಮುಂದುವರಿಯುತ್ತದೆ.

ಯಲ್ಲಾಲಿಂಗ ಕರವಸ್ತ್ರ ಹಾಸಿ ತುಂಡುಗಳನ್ನು ಇಡುತ್ತಾರೆ. ಒಂದು, ಎರಡು, ಮೂರು, ನಾಲ್ಕು, ಐದು. ಓಣಿಯಿಂದ ಯಾರಾದರೂ ಬಂದರೇ ಎಂದು ಮಾಧವಿಯನ್ನು ಕೇಳುತ್ತಾರೆ. ಯಾರೂ ಇಲ್ಲ. ನೋಟ್‌ಬುಕ್ಕು ತೆಗೆದು, ಇಷ್ಟು ವರ್ಷ ಈ ಮನೆಗೆಂದು ಖಾಲಿ ಬಿಟ್ಟಿದ್ದ ಪುಟದಲ್ಲಿ ಬರೆಯುತ್ತಾರೆ. ತುಂಡು, ಐದು. ಬಂದವರು, ಒಬ್ಬರು.

ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರೇ ಕಲ್ಲುಬೆಂಚಿನ ತುದಿಗೆ ಕುಳಿತು ರಾಯಚೂರಿನ ಬಸ್ಸಿಗೆ ಕಾಯುತ್ತಿದ್ದಾರೆ. ಇನ್ನೇನು ಆಸೆಯಿದೆ ಎಂದರೆ ಚೀಲವನ್ನು ಮಡಿಲಿಗೆ ಎಳೆದುಕೊಳ್ಳುತ್ತಾರೆ.

"ನಾ ಹಾಕಿದ್ದು ಯಾವ ಮನ್ಯಾಗ ಕೂಗಿದ್ರೂ ಒಬ್ರು ಎದ್ದು ಬರಬೇಕ್ರಿ," ಎನ್ನುತ್ತಾರೆ. "ಭಾಳ ಮಂದಿ ಬ್ಯಾಡ. ಇವತ್ತು ಬಂದ್ರಲ್ಲ, ಅಷ್ಟು."